ಹೊಸ ಸ್ಕೇಟ್ಸ್ ಕಾಲಿಗೆ ಪಳಗುವ ತನಕ

ಡಬ್ಬದಿಂದ ತೆಗೆದ ಹೊಸ ಐಸ್ ಹಾಕಿ ಸ್ಕೇಟ್ಸನ್ನು ಕಣಕಾಲಿನ ಜಾಗದಲ್ಲಿ ಎರಡೂ ಕೈಯಿಂದ ಅದುಮಿ ನೋಡಿದೆ. ಒಂಚೂರೂ ಬಗ್ಗಲಿಲ್ಲ. ಬೆರಳ ಗೆಣ್ಣಿನಿಂದ ಬಡಿದರೆ ಹೆಲ್ಮೆಟ್ ಬಡಿದ ಹಾಗೆ ಟಕ್ ಟಕ್ ಸದ್ದು. ಇದರೊಳಗೆ ಕಾಲು ತೂರಿಸಿ ಒಂದು ಗಂಟೆ ಐಸ್ ಮೇಲೆ ಆಡೋದು ಹೇಗೆ ಅಂತ ನಿಜಕ್ಕೂ ದಿಗಿಲಾಯಿತು.

ನನ್ನ ಹಳೆಯ ಜೋಡಿ ಹೀಗಿರಲಿಲ್ಲ. ಐದು ವರ್ಷ ಹಾಕಿ ಹಾಕಿ ಅದು ಬಟ್ಟೆಚೀಲದಷ್ಟು ಮೆತ್ತಗಾಗಿತ್ತು. ಕಾಲಿಗೆ ಹಿತವಾಗೇ ಇತ್ತು. ಆದರೆ ಜೋರಾಗಿ ತಿರುಗುವಾಗ ಬೂಟು ಪಕ್ಕಕ್ಕೆ ವಾಲುತ್ತಿತ್ತು, ಜೊತೆಗೆ ಕಣಕಾಲೂ ವಾಲುತ್ತಿತ್ತು. ಕಾಲು ಒತ್ತಿದ ಬಲ ಬ್ಲೇಡಿಗೆ ಮುಟ್ಟುವ ಮೊದಲೇ ಬೂಟಿನ ಗೋಡೆಯಲ್ಲಿ ಸೋರಿಹೋಗುತ್ತಿತ್ತು. ಹೊಸ ಬೂಟನ್ನು ಅಷ್ಟು ಗಟ್ಟಿಯಾಗಿ ಮಾಡೋದು ಆ ಸೋರಿಕೆ ತಡೆಯೋದಕ್ಕೇ. ಹಿಂದೆ ಬೂಟುಗಳು ಚರ್ಮದವು. ಚರ್ಮ ಬೆವರಿಗೆ ನೆನೆದು, ಒಣಗಿ, ಮತ್ತೆ ನೆನೆದು ತಾನಾಗಿಯೇ ಕಾಲಿನ ಆಕಾರಕ್ಕೆ ಬರುತ್ತಿತ್ತು. ಈಗಿನ ಒಳ್ಳೆ ಬೂಟುಗಳ ಗೋಡೆ ಕಾಂಪೊಸಿಟ್ ಅನ್ನುವ ಗಟ್ಟಿ ಬೆರಕೆ ವಸ್ತುವಿನದು, ಇನ್ನೂ ಮೇಲಿನವುಗಳಲ್ಲಿ ಕಾರ್ಬನ್ ಫೈಬರ್. ಬರೀ ಬೆವರಿಗೆ ಇವು ಬಗ್ಗೋದಿಲ್ಲ. ಶಾಖ ಬೇಕು, ಸಮಯವೂ ಬೇಕು.

ನನಗೆ ಸುಮಾರು ಆರು ವಾರ ಹಿಡಿಯಿತು. ಅದರಲ್ಲಿ ಮೂರು ವಾರ ಸುಮ್ನೆ ನೋವು ನುಂಗಿಕೊಂಡು ಕಳೆದೆ. ಇನ್ನೊಬ್ಬರು ಹಾಗೆ ಕಳೆಯೋದು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆಯ ಮಾತು. ಅಳತೆ ತಪ್ಪಿದರೆ ಮುಂದೆ ಹೇಳುವ ಯಾವುದೂ ಉಪಯೋಗಕ್ಕೆ ಬರೋದಿಲ್ಲ. ಹಾಕಿ ಸ್ಕೇಟ್ಸಿನ ನಂಬರು ದಿನಾ ಹಾಕುವ ಶೂ ನಂಬರಿಗಿಂತ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಕಡಿಮೆ ಇರುತ್ತದೆ. ಇದು ಗೊತ್ತಿಲ್ಲದೆ ನನ್ನ ಮೊದಲ ಜೋಡಿಯನ್ನು ಶೂ ನಂಬರಿಗೇ ತಗೊಂಡಿದ್ದೆ. ಈ ಸಲ ಅಂಗಡಿಯಲ್ಲಿ ನಿಲ್ಲಿಸಿ ಎರಡೂ ಪಾದ ಅಳೆದರು. ಉದ್ದ, ಅಗಲ ಎರಡನ್ನೂ ನೋಡಿದರು. ಬಲಪಾದ ಎಡಕ್ಕಿಂತ ಒಂಚೂರು ಅಗಲ. ಬೂಟು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸು ಕಟ್ಟಿ ನಿಲ್ಲಿ ಅಂದರು. ನೆಟ್ಟಗೆ ನಿಂತಾಗ ಹೆಬ್ಬೆರಳು ಬೂಟಿನ ತುದಿಗೆ ಸೋಕಿಯೂ ಸೋಕದ ಹಾಗಿರಬೇಕು. ಮಂಡಿ ಬಗ್ಗಿಸಿ ಆಡುವ ಭಂಗಿಗೆ ಬಂದರೆ ಹಿಮ್ಮಡಿ ಇನ್ನಷ್ಟು ಹಿಂದೆ ಸರಿದು ಬೆರಳಿಗೆ ಜಾಗ ಸಿಗಬೇಕು. ನನಗೆ ಹಾಗೇ ಆಯಿತು.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟವಾಯಿತು. ಲೇಸು ಪೂರ್ತಿ ಬಿಚ್ಚಿ, ಬೂಟಿನ ನಾಲಿಗೆಯನ್ನು ಮುಂದಕ್ಕೆ ಮಡಚಿ, ಮೇಲಿಂದ ಮೂರನೇ ತೂತಿನ ಹತ್ತಿರ ಒಂದು ಪೆನ್ಸಿಲನ್ನು ಅಡ್ಡಕ್ಕೆ ಇಟ್ಟರು. ಪೆನ್ಸಿಲು ಎರಡೂ ಕಡೆಯ ಅಂಚಿನ ಮೇಲೆ ಆರಾಮಾಗಿ ಕೂತರೆ ಬೂಟಿನ ಆಳ ಸಾಕು. ಅದು ಪಾದಕ್ಕೆ ತಾಗಿ ಎದ್ದು ಕೂತರೆ ಆ ಬೂಟಿನ ಆಳ ಕಾಲಿಗೆ ಸಾಲದು, ಮುಂದೆ ಲೇಸು ಪಾದದ ಮೇಲ್ಭಾಗವನ್ನು ಹಿಂಡೋದು ಖಂಡಿತ. ಎರಡೇ ಸೆಕೆಂಡಿನ ಕೆಲಸ. ಹೊಸ ಸ್ಕೇಟ್ಸ್ ನೋಡುವವರು ಇದನ್ನು ಬಿಡಲೇಬಾರದು.

ಆಮೇಲೆ ಓವನ್. ಸ್ಕೇಟ್ಸಿಗೆ ಅಂತಲೇ ಮಾಡಿದ ಪುಟ್ಟ ಓವನ್ ಅದು. ಒಳಗೆ ಸುಮಾರು 80 ಡಿಗ್ರಿ ಸೆಲ್ಸಿಯಸ್. ಲೇಸು ಸಡಿಲಿಸಿ ಒಂದೊಂದೇ ಬೂಟು ಒಳಗಿಟ್ಟರು. ಎಷ್ಟು ನಿಮಿಷ ಅನ್ನೋದು ಬೂಟಿನಿಂದ ಬೂಟಿಗೆ ಬೇರೆ, ತಯಾರಕರು ಹೇಳಿದಷ್ಟೇ ಇಡಬೇಕು. ಹೊರಗೆ ಬಂದ ಬೂಟು ಕೈಗೆ ಬೇರೆಯದೇ ವಸ್ತುವಿನ ಹಾಗಿತ್ತು. ಅಷ್ಟು ಗಟ್ಟಿ ಇದ್ದ ಗೋಡೆ ಬೆರಳಿಗೆ ಬಾಗುತ್ತಿತ್ತು. ಕಾಲಿಟ್ಟಾಗ ಬೆಚ್ಚನೆಯ ಫೋಮು ಕಣಕಾಲನ್ನು ಸುತ್ತಲೂ ಹಿಡಿದುಕೊಂಡಿತು. ಅಷ್ಟು ಹೊತ್ತಿನ ದಿಗಿಲು ಆ ಒಂದು ಕ್ಷಣದಲ್ಲಿ ಕಡಿಮೆಯಾಯಿತು.

ಲೇಸು ಎಳೆಯೋಕೆ ಹೋದೆ. ಅವರು ಕೈ ಹಿಡಿದರು.

‘ಮೇಲಕ್ಕೆ ಎಳೀಬೇಡಿ. ಬಿಸಿ ಇರುವಾಗ ತೂತಿನ ರಿಂಗು ಕಿತ್ತು ಬರುತ್ತೆ. ಎರಡೂ ಪಕ್ಕಕ್ಕೆ ಎಳೀರಿ, ನಿಧಾನಕ್ಕೆ.’

ಪಕ್ಕಕ್ಕೆ ಎಳೆದೆ. ಆಮೇಲೆ ಕದಲದೆ ಕೂರಬೇಕಿತ್ತು, ಹತ್ತು-ಹದಿನೈದು ನಿಮಿಷ. ಎದ್ದು ನಿಲ್ಲೋ ಹಾಗಿಲ್ಲ, ನಡೆಯೋ ಹಾಗಂತೂ ಇಲ್ಲವೇ ಇಲ್ಲ. ಮೆತ್ತಗಿರುವ ಬೂಟಿನಲ್ಲಿ ನಡೆದರೆ ಅದು ತಪ್ಪು ಆಕಾರದಲ್ಲಿ ಗಟ್ಟಿಯಾಗಿಬಿಡುತ್ತದೆ. ಮಂಡಿ ಪಾದದ ಬೆರಳಿಗಿಂತ ಚೂರು ಮುಂದೆ ಇರುವ ಹಾಗೆ ಕೂತಿದ್ದೆ. ಹೊರಡುವಾಗ 24 ಗಂಟೆ ಐಸ್ ಮೇಲೆ ಹೋಗಬೇಡಿ ಅಂದರು. ಅದನ್ನು ಪಾಲಿಸಿದೆ. ಮನೆಯ ಓವನ್ನಿನಲ್ಲಿ ಇದನ್ನು ಮಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ನಾನು ಬೇಡ ಅಂತಲೇ ಹೇಳುತ್ತೇನೆ. ಅಲ್ಲಿ ಶಾಖ ಎಲ್ಲ ಕಡೆ ಒಂದೇ ಸಮ ಇರೋದಿಲ್ಲ. ಅಂಟು ಬಿಟ್ಟುಕೊಂಡರೆ ಹೊಸ ಬೂಟು ಅಲ್ಲಿಗೇ ಮುಗಿಯಿತು.

ಬ್ಲೇಡಿಗೆ ಸಾಣೆ ಹಿಡಿಸೋದನ್ನೂ ಅವತ್ತೇ ಮುಗಿಸಿದೆ. ಹೊಸ ಸ್ಕೇಟ್ಸ್ ಸಾಮಾನ್ಯವಾಗಿ ಸಾಣೆ ಹಿಡಿಯದೆ ಬರುತ್ತವೆ. ಹಾಗೇ ಐಸ್‌ಗೆ ಇಳಿದರೆ ಕಾಲು ಜಾರಿ, ಬೂಟಿಗೂ ನಮಗೂ ಹೊಂದಾಣಿಕೆ ಆಗುತ್ತಿಲ್ಲ ಅಂತ ತಪ್ಪು ತಿಳಿಯುವ ಸಾಧ್ಯತೆ ಜಾಸ್ತಿ.

ಮೊದಲ ದಿನ 20 ನಿಮಿಷ ಮಾತ್ರ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಆಟ ಇಲ್ಲ, ಸುಮ್ನೆ ಸುತ್ತು ಹೊಡೆಯೋದು. ಹೊಸ ಬೂಟು ಹಾಕಿಕೊಂಡು ನೇರವಾಗಿ ಪಂದ್ಯಕ್ಕೆ ಇಳಿಯುವವರನ್ನು ನೋಡಿದ್ದೇನೆ, ಅದು ಕಾಲಿಗೆ ಮಾಡುವ ಅನ್ಯಾಯ. ಐದನೇ ನಿಮಿಷಕ್ಕೆ ಎರಡೂ ಪಾದದ ಕಮಾನು ಉರಿಯತೊಡಗಿತು. ಹತ್ತನೇ ನಿಮಿಷಕ್ಕೆ ಬಲಗಾಲಿನ ಒಳಮಗ್ಗುಲಲ್ಲಿ, ಕಣಕಾಲಿನ ಮೂಳೆ ಉಬ್ಬಿರುವ ಜಾಗದಲ್ಲಿ, ಯಾರೋ ಕಲ್ಲಿಟ್ಟು ಒತ್ತಿದ ಹಾಗಾಯಿತು. ಹೊಸ ಚಪ್ಪಲಿಯೂ ಕಚ್ಚುತ್ತೆ ಅಲ್ವಾ, ಇದೂ ಹಾಗೇ, ಹೋಗುತ್ತೆ ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ.

ಮನೆಯಲ್ಲೂ ದಿನಾ ಅರ್ಧ ಗಂಟೆ ಹಾಕಿಕೊಂಡು ಕೂರುತ್ತಿದ್ದೆ. ಬ್ಲೇಡಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಗಾರ್ಡು ಹಾಕಿ, ಲೇಸು ಆಡುವಾಗಿನಷ್ಟೇ ಬಿಗಿ ಕಟ್ಟಿ, ಕುರ್ಚಿ ಮೇಲೆ ಕೂತು ಮಂಡಿಯನ್ನು ಮುಂದಕ್ಕೆ ತಳ್ಳಿ ಮತ್ತೆ ಹಿಂದಕ್ಕೆ ತರೋದು. ಇದರಿಂದ ನಾಲಿಗೆ ಮತ್ತು ಕಣಕಾಲಿನ ಮುಂಭಾಗ ಬಾಗೋದನ್ನು ಕಲಿಯುತ್ತವೆ. ಐಸ್ ಮೇಲೆ ಸಿಗುವ ಸಮಯ ಕಡಿಮೆ ಇರುವವರಿಗೆ ಇದು ಒಳ್ಳೆಯ ದಾರಿ. ಆದರೆ ಕೂತಲ್ಲಿ ಬೂಟಿನ ಮೇಲೆ ಮೈಭಾರ ಬೀಳೋದಿಲ್ಲ. ಹಾಗಾಗಿ ಆ ಮೂಳೆಯ ನೋವು ಮನೆಯಲ್ಲಿ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಐಸ್‌ಗೆ ಇಳಿದ ಕೂಡಲೇ ವಾಪಸ್ಸು ಬರುತ್ತಿತ್ತು.

ಎರಡನೇ ವಾರ ನೋವು ತಾಳಲಾರದೆ ಮೇಲಿನ ಲೇಸನ್ನು ಸಡಿಲ ಮಾಡಿದೆ. ಮೂಳೆಗೆ ಸ್ವಲ್ಪ ಆರಾಮ ಸಿಕ್ಕಿತು. ಆದರೆ ಲೇಸು ಸಡಿಲವಾದಾಗ ಹಿಮ್ಮಡಿ ಬೂಟಿನೊಳಗೆ ಏಳುತ್ತದೆ. ಪ್ರತಿ ಸಲ ಕಾಲು ಒತ್ತಿದಾಗ ಒಂದು ಕೂದಲೆಳೆಯಷ್ಟು ಮೇಲೆ, ಮತ್ತೆ ಕೆಳಗೆ. ಅರ್ಧ ಗಂಟೆಯಲ್ಲಿ ಎಡ ಹಿಮ್ಮಡಿಗೂ ಬಲ ಹಿಮ್ಮಡಿಗೂ ಬೊಬ್ಬೆ. ಮೂರನೇ ವಾರ ಹಿಮ್ಮಡಿ ಏಳಬಾರದು ಅಂತ ಮೇಲಿನ ತೂತುಗಳಲ್ಲಿ ಲೇಸನ್ನು ಜೀವ ಹಿಂಡುವ ಹಾಗೆ ಬಿಗಿದೆ. ಈಗ ಕಣಕಾಲಿನ ಮುಂದೆ, ಪಾದ ಮೇಲಕ್ಕೆ ಬಾಗುವ ಜಾಗದಲ್ಲಿ, ಹೊಸ ನೋವು. ಸ್ಕೇಟರುಗಳು ಇದಕ್ಕೆ ಲೇಸ್ ಬೈಟ್ ಅನ್ನುತ್ತಾರೆ. ಬಿಗಿಯಾದ ಲೇಸು ನಾಲಿಗೆಯ ಮೂಲಕ ಅಲ್ಲಿನ ಸ್ನಾಯುರಜ್ಜುಗಳನ್ನು ಒತ್ತಿ ಒತ್ತಿ ಊದಿಸುತ್ತದೆ. ಬೂಟು ಬಿಚ್ಚಿದ ಮೇಲೂ ಮೆಟ್ಟಿಲು ಇಳಿಯುವಾಗ ಚುಳ್ ಅನ್ನುತ್ತಿತ್ತು.

ಹೀಗೆ ಒಂದು ನೋವು ಮೂರಾಯಿತು. ನಾನೋ, ಮೂರನ್ನೂ ಬೇರೆ ಬೇರೆ ಕಾಯಿಲೆ ಅಂದುಕೊಂಡು ಮೂರಕ್ಕೂ ಬೇರೆ ಬೇರೆ ಪಟ್ಟಿ ಅಂಟಿಸಿಕೊಂಡು ಓಡಾಡುತ್ತಿದ್ದೆ.

ಬಿಡಿಸಿ ಹೇಳಿದವರು ನಮ್ಮ ತಂಡದ ಗೋಲ್‌ಕೀಪರ್. ಚಿಕ್ಕಂದಿನಿಂದ ಆಡಿದವರು, ನಮಗೆಲ್ಲ ಅಣ್ಣನ ಹಾಗೆ. ನಾಲ್ಕನೇ ವಾರ ಅಭ್ಯಾಸ ಮುಗಿಸಿ ಬೆಂಚಿನ ಮೇಲೆ ಕಾಲು ಹಿಡಿದು ಕೂತಿದ್ದೆ. ಪಕ್ಕಕ್ಕೆ ಬಂದು ಕೂತರು.

‘ಎಲ್ಲಿ ನೋಯ್ತಿದೆ? ಕೈಯಿಟ್ಟು ತೋರಿಸು.’

‘ಕಮಾನೆಲ್ಲ ನೋವು ಅಣ್ಣ,’ ಅಂತ ಅಂಗೈಯಿಂದ ಪಾದವನ್ನು ಸವರಿದೆ.

‘ಅದು ಬಿಡು. ಇನ್ನೆಲ್ಲಿ?’

ಬಲಗಾಲಿನ ಮೂಳೆ ಮೇಲೆ ತೋರುಬೆರಳು ಇಟ್ಟೆ.

‘ಹಾಂ. ಅಂಗೈಯಲ್ಲಿ ತೋರಿಸಿದ್ದು ಕಾಲಿನ ನೋವು, ಆಡ್ತಾ ಆಡ್ತಾ ಹೋಗುತ್ತೆ. ಬೆರಳಲ್ಲಿ ತೋರಿಸಿದ್ದು ಬೂಟಿನ ನೋವು. ಅದು ನೀನು ಎಷ್ಟು ತಡ್ಕೊಂಡರೂ ಹೋಗಲ್ಲ. ಬೂಟನ್ನೇ ಸರಿ ಮಾಡಿಸ್ಬೇಕು.’

ಇಷ್ಟು ಸರಳವಾಗಿ ಯಾರೂ ನನಗೆ ಹೇಳಿರಲಿಲ್ಲ. ಯೋಚನೆ ಮಾಡಿದರೆ ಸರಿಯಾಗೇ ಇದೆ. ಕಮಾನು ನೋಯೋದು ಯಾಕೆ? ಹೊಸ ಬೂಟಿನಲ್ಲಿ ನೆಲೆ ಸಿಗದೆ ಪಾದದ ಸಣ್ಣ ಸ್ನಾಯುಗಳು ಬಿಗಿಹಿಡಿಯುತ್ತವೆ, ಬೆರಳುಗಳು ಮುದುಡಿಕೊಳ್ಳುತ್ತವೆ. ಅದು ದಣಿವು. ಹರಡಿಕೊಂಡಿರುತ್ತದೆ, ಇವತ್ತಿಗಿಂತ ನಾಳೆ ಕಡಿಮೆ ಆಗುತ್ತದೆ. ನನಗೂ ಹಾಗೇ ಕಡಿಮೆ ಆಗುತ್ತಿತ್ತು, ನಾನೇ ಗಮನಿಸಿರಲಿಲ್ಲ. ಪಾದದ ನಡುವಿನ ತೂತುಗಳಲ್ಲಿ ಲೇಸನ್ನು ಕೊಂಚ ಸಡಿಲ ಬಿಟ್ಟ ಮೇಲೆ ಇನ್ನೂ ಬೇಗ ಹೋಯಿತು. ಮೂಳೆಯ ನೋವಿನ ಕಥೆಯೇ ಬೇರೆ. ಮೂಳೆ ಸವೆಯೋದಿಲ್ಲ, ಕಾಂಪೊಸಿಟ್ ಗೋಡೆಯೂ ತಾನಾಗಿ ಸರಿಯೋದಿಲ್ಲ. ನಡುವೆ ಸಿಕ್ಕ ಚರ್ಮ ಮಾತ್ರ ನಲುಗುತ್ತದೆ.

ಮಾರನೇ ದಿನವೇ ಅಂಗಡಿಗೆ ಹೋದೆ. ಅಲ್ಲಿ ನಡೆದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಂಥದ್ದೊಂದು ದಾರಿ ಇದೆ ಅನ್ನೋದೇ ತುಂಬ ಜನರಿಗೆ ಗೊತ್ತಿಲ್ಲ.

ಕಾಲುಚೀಲ ತೆಗೆಸಿದರು. ಕೆಂಪಾಗಿ ಊದಿದ ಮೂಳೆಯ ಉಬ್ಬಿನ ಮೇಲೆ, ನೆತ್ತಿಯ ಜಾಗದಲ್ಲಿ ಮಾತ್ರ, ಲಿಪ್‌ಸ್ಟಿಕ್ ಹಚ್ಚಿದರು. ಬರಿಗಾಲನ್ನು ಹುಷಾರಾಗಿ ಬೂಟಿನೊಳಗೆ ಇಳಿಸಿ, ಹಿಮ್ಮಡಿ ಕೂರಿಸಿ, ಲೇಸು ಕಟ್ಟಿ, ಮಂಡಿ ಬಗ್ಗಿಸಿ ನಿಲ್ಲಿಸಿದರು. ಕಾಲು ತೆಗೆದಾಗ ಬೂಟಿನ ಒಳಗೋಡೆಯಲ್ಲಿ ಕೆಂಪು ಗುರುತು. ಅಚ್ಚರಿ ಅಂದರೆ ನಾನು ಹೊರಗಿನಿಂದ ಬೆರಳಿಟ್ಟು ತೋರಿಸಿದ್ದ ಜಾಗಕ್ಕಿಂತ ಆ ಗುರುತು ಒಂದು ಬೆರಳಗಲ ಕೆಳಗಿತ್ತು. ಅಂದಾಜಿನ ಮೇಲೆ ಒತ್ತಿಸಿದ್ದರೆ ತಪ್ಪು ಜಾಗಕ್ಕೆ ಬೀಳುತ್ತಿತ್ತು.

ಆ ಜಾಗವನ್ನಷ್ಟೇ ಬಿಸಿಗಾಳಿಯಿಂದ ಮೆತ್ತಗೆ ಮಾಡಿದರು. ಆಮೇಲೆ ಉದ್ದ ತೋಳಿನ ಇಕ್ಕಳದಂಥ ಉಪಕರಣ ತಂದರು. ಒಂದು ತೋಳಿನ ತುದಿಯಲ್ಲಿ ಲೋಹದ ಗುಂಡು, ಇನ್ನೊಂದರ ತುದಿಯಲ್ಲಿ ಬಳೆ. ಗುಂಡು ಒಳಗೆ ಕೆಂಪು ಗುರುತಿನ ಮೇಲೆ, ಬಳೆ ಹೊರಗೆ ಅದರ ನೇರಕ್ಕೆ. ತಿರುಪು ಬಿಗಿದಂತೆ ಗುಂಡು ಗೋಡೆಯನ್ನು ಬಳೆಯೊಳಗೆ ತಳ್ಳುತ್ತದೆ. ತಣ್ಣಗಾಗುವ ತನಕ ಹಾಗೇ ಬಿಟ್ಟರು. ತೆಗೆದಾಗ ಬೂಟಿನ ಹೊರಗೆ ಹೆಬ್ಬೆರಳ ಉಗುರಿನಗಲ ಒಂದು ಉಬ್ಬು. ಎತ್ತರ 3 ಅಥವಾ 4 ಮಿಲಿಮೀಟರ್ ಇದ್ದೀತು. ಕೈಯಿಂದ ಸವರಿದರೆ ಮಾತ್ರ ಗೊತ್ತಾಗುವಷ್ಟು.

ಕಾಲು ಹಾಕಿ ನಿಂತೆ. ಕಲ್ಲು ಇರಲಿಲ್ಲ. ಮೂರು ವಾರ ನನ್ನನ್ನು ಕುಂಟಿಸಿದ್ದು ಅಷ್ಟೇ ಜಾಗ.

ಮೂಳೆಗೆ ಜಾಗ ಸಿಕ್ಕಿದ ಮೇಲೆ ಲೇಸನ್ನು ಎಷ್ಟು ಬೇಕೋ ಅಷ್ಟೇ ಬಿಗಿಯಾಗಿ ಕಟ್ಟಬಹುದಾಯಿತು. ಲೇಸು ಸರಿಹೋದಾಗ ಹಿಮ್ಮಡಿ ಏಳೋದು ನಿಂತಿತು. ಹಿಮ್ಮಡಿ ನಿಂತಲ್ಲಿ ನಿಂತ ಮೇಲೆ ಬೊಬ್ಬೆಗೂ ಕಾರಣ ಉಳಿಯಲಿಲ್ಲ. ಮೊದಲಿದ್ದ ಬೊಬ್ಬೆಗಳನ್ನು ನಾನು ಒಡೆಯಲಿಲ್ಲ. ನಡುವೆ ತೂತಿರುವ ದುಂಡನೆಯ ಪ್ಯಾಡನ್ನು ಸುತ್ತ ಅಂಟಿಸಿದರೆ ಒತ್ತಡ ಬೊಬ್ಬೆಯ ಮೇಲೆ ಬೀಳದೆ ಸುತ್ತಲಿನ ಚರ್ಮಕ್ಕೆ ಹಂಚಿಹೋಗುತ್ತದೆ. ಒಂದು ವಾರದಲ್ಲಿ ತಾವಾಗೇ ಒಣಗಿದವು.

ಲೇಸ್ ಬೈಟ್ ಅಷ್ಟು ಸುಲಭಕ್ಕೆ ಬಿಡಲಿಲ್ಲ. ನೋಯುವ ಜಾಗದ ನೇರಕ್ಕೆ ಇದ್ದ ಒಂದು ಜೊತೆ ತೂತನ್ನು ಬಿಟ್ಟು ಲೇಸು ಪೋಣಿಸಿದೆ. ನಾಲಿಗೆಯ ಒಳಗೆ ತೆಳುವಾದ ಜೆಲ್ ಪ್ಯಾಡ್ ಇಟ್ಟೆ. ಮೇಲ್ತುದಿಯ ತೂತನ್ನೂ ಖಾಲಿ ಬಿಟ್ಟೆ, ಅದರಿಂದ ಮಂಡಿ ಮುಂದಕ್ಕೆ ಬಾಗೋದು ಸಲೀಸಾಯಿತು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ವಾರ ಐಸ್‌ಗೆ ಇಳಿಯಲಿಲ್ಲ. ಊದಿದ ಜಾಗಕ್ಕೆ ಬಿಡುವು ಕೊಡದೆ ಯಾವ ಪ್ಯಾಡ್ ಇಟ್ಟರೂ ಫಲವಿಲ್ಲ. ಬಿಡುವಿನ ಆ ವಾರವನ್ನೂ ಸೇರಿಸಿಯೇ ಆರು ವಾರದ ಲೆಕ್ಕ ಹೇಳಿದ್ದು.

ಲೇಸು ಕಟ್ಟೋದನ್ನೇ ನಾನು ಮತ್ತೆ ಕಲಿತೆ ಅನ್ನಬಹುದು. ಮೊದಲು ಕೆಳಗಿನಿಂದ ಮೇಲಿನ ತನಕ ಒಂದೇ ಸಮ ಎಳೆಯುತ್ತಿದ್ದೆ. ಈಗ ಬೆರಳಿನ ಕಡೆಯ ಮೂರು ತೂತು ಕೈಗೆ ಸಿಕ್ಕಷ್ಟು, ನಡುವಿನವು ಸಡಿಲ, ಕಣಕಾಲು ಬಾಗುವ ಕಡೆಯ ಎರಡು ಗಟ್ಟಿ, ಮೇಲೆ ಮತ್ತೆ ಸಾಧಾರಣ. ಹಿಮ್ಮಡಿಯನ್ನು ಹಿಂದೆ ಕೂರಿಸಿ ಹಿಡಿಯೋದು ಆ ಎರಡು ತೂತುಗಳೇ. ಮೇಣ ಹಚ್ಚಿದ ಲೇಸು ಎಳೆದ ಜಾಗದಲ್ಲೇ ನಿಲ್ಲುತ್ತದೆ. ಮೇಣ ಇಲ್ಲದ್ದು ಕಾಲು ಆಡಿದ ಹಾಗೆ ಚೂರು ಹೊಂದಿಕೊಳ್ಳುತ್ತದೆ. ಬೂಟು ಪಳಗುವ ದಿನಗಳಿಗೆ ನನಗೆ ಮೇಣ ಇಲ್ಲದ್ದೇ ಹಿಡಿಸಿತು.

ಕಾಲುಚೀಲದ ವಿಷಯದಲ್ಲೂ ಒಂದು ಪ್ರಯೋಗ ಆಯಿತು. ಕೆನಡಾದ ಹೆಸರಾಂತ ಐಸ್ ಹಾಕಿ ಆಟಗಾರ ಬಾಬಿ ಓರ್ ಕಾಲುಚೀಲ ಇಲ್ಲದೆಯೇ ಆಡುತ್ತಿದ್ದರು ಅಂತ ಹಾಕಿ ಆಡುವವರೆಲ್ಲ ಕೇಳಿರುತ್ತಾರೆ. ಬರಿಗಾಲಿಗೆ ಬ್ಲೇಡು ಚೆನ್ನಾಗಿ ತಿಳಿಯುತ್ತೆ ಅನ್ನೋದು ನಿಜ. ಒಂದು ದಿನ ನಾನೂ ನೋಡಿದೆ. ಅದರ ಸುಖ ಅರ್ಧ ಗಂಟೆ ಚೆನ್ನಾಗಿ ಸಿಕ್ಕಿತು. ಆಮೇಲೆ ಬೆವರಿಗೆ ನೆನೆದ ಚರ್ಮ ಒಳಪದರಕ್ಕೆ ಉಜ್ಜಿ ಕಿರುಬೆರಳ ಪಕ್ಕ ಸುಲಿಯಿತು. ಪಳಗಿದ ಬೂಟಿಗೆ ಅದು ಸರಿ ಇರಬಹುದು, ಹೊಸದಕ್ಕೆ ಖಂಡಿತ ಅಲ್ಲ. ದಪ್ಪ ಉಣ್ಣೆಯದೂ ಬೇಡ. ಅದು ಬೂಟಿನ ಜಾಗ ತಿನ್ನುತ್ತೆ, ಬೆವರು ಹಿಡಿದಿಡುತ್ತೆ. ತೆಳ್ಳಗಿನ, ಬೆವರು ಬೇಗ ಆರುವ, ಸುಕ್ಕಾಗದ ಕಾಲುಚೀಲವೇ ಒಳ್ಳೆಯದು. ಓವನ್ನಿಗೆ ಹೋಗುವ ದಿನವೂ ಅದನ್ನೇ ಹಾಕಿಕೊಂಡು ಹೋಗಬೇಕು.

ಕೊನೆಯ ಎರಡು ವಾರದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. 20 ನಿಮಿಷ 40 ಆಯಿತು, 40 ಒಂದು ಗಂಟೆಯಾಯಿತು. ನಡುವೆ ಲೇಸು ಬಿಚ್ಚಿ ಪಾದಕ್ಕೆ ಗಾಳಿಯಾಡಿಸೋದು ಮರೆತುಹೋಗತೊಡಗಿತು. ಬಲಕ್ಕೆ ಜೋರಾಗಿ ತಿರುಗುವಾಗ ಹಳೆಯ ಬೂಟಿನಲ್ಲಿ ಕಣಕಾಲು ವಾಲಿಬಿಡುತ್ತೆ ಅಂತ ಮೊದಲೇ ಹೆದರಿ ವೇಗ ಇಳಿಸುತ್ತಿದ್ದೆ. ಒಂದು ದಿನ ವೇಗ ಇಳಿಸದೆಯೇ ತಿರುಗಿದ್ದು ತಿರುಗಿ ಮುಗಿದ ಮೇಲೆ ಗೊತ್ತಾಯಿತು. ಬ್ಲೇಡಿನ ಒಳ ಅಂಚು ಐಸನ್ನು ಕಚ್ಚಿ ಹಿಡಿದ ಕರ್ ಅನ್ನುವ ಸದ್ದು ಬೂಟಿನ ಅಟ್ಟೆಯ ಮೂಲಕ ಪಾದಕ್ಕೇ ಬಂತು. ಆ ಗಟ್ಟಿ ಬೂಟು ಯಾಕೆ ಬೇಕು ಅಂತ ನನ್ನ ಕಾಲಿಗೆ ಅರ್ಥವಾದ ದಿನ ಅದು.

ಒಣಗಿಸೋದು ಮಾತ್ರ ಮೊದಲ ದಿನದಿಂದ ಒಂದೇ ಕ್ರಮ. ಬ್ಲೇಡು ಒರೆಸಿ, ಬಟ್ಟೆಯ ಕವರು ಹಾಕಿ, ಲೇಸು ಕೆಳಗಿನ ತನಕ ಸಡಿಲಿಸಿ, ನಾಲಿಗೆ ಮುಂದಕ್ಕೆ ಎಳೆದು, ಒಳ ಅಟ್ಟೆ ತೆಗೆದು ಹೊರಗಿಡೋದು. ಹೀಟರಿನ ಮುಂದೆ ಇಡಬಾರದು, ಅಂಟೂ ಫೋಮೂ ಹಾಳಾಗುತ್ತವೆ. ನೆರಳಲ್ಲಿ, ಗಾಳಿಯಾಡುವ ಕಡೆ ಇಟ್ಟರೆ ಸಾಕು.

ಮೊನ್ನೆ ಪೂರ್ತಿ ಪಂದ್ಯ ಆಡಿ ಬಂದೆ. ಕಾಲುಚೀಲ ಕಳಚಿ ನೋಡಿದರೆ ಅದರ ನೇಯ್ಗೆಯ ಗೆರೆಗಳು ಪಾದದ ಸುತ್ತ ಒಂದೇ ಸಮನಾಗಿ ಮೂಡಿದ್ದವು. ಕಣಕಾಲಿನ ಮೂಳೆಯ ಮೇಲೂ ಅದೇ ತೆಳು ಗೆರೆ, ಕೆಂಪು ಇಲ್ಲ. ಎಂದಿನಂತೆ ಬಲಬೂಟಿನ ಒಳ ಅಟ್ಟೆ ಹೊರಗೆಳೆದೆ. ಬೂದು ಬಣ್ಣದ ಅಟ್ಟೆಯ ಮೇಲೆ ಐದು ಬೆರಳು, ಪಾದದ ಮುಂಭಾಗದ ದಿಂಬು, ಹಿಮ್ಮಡಿಯ ದುಂಡು, ಎಲ್ಲ ಕಪ್ಪಾಗಿ ಅಚ್ಚೊತ್ತಿದ್ದವು. ಕಮಾನಿನ ಜಾಗ ಮಾತ್ರ ಇನ್ನೂ ಹೊಸದರ ಹಾಗೆ ಬಿಳಿಚಿಕೊಂಡಿತ್ತು. ಒದ್ದೆಯಾಗಿತ್ತು. ಕಿಟಕಿಯ ಹತ್ತಿರ ಒಣಗಲು ಇಟ್ಟೆ.